ದಾರ ಇರಲಿಲ್ಲ

೧೯೫೬ ನವೆಂಬರ್ ೧೧, ರವಿವಾರ

ಮಗ ಸಿದ್ದಲಿಂಗಪ್ಪನ ಆಫೀಸಿನಿಂದ ಬಂದ ಈ ಡೈರಿಯಲ್ಲಿ ಒಂದು ಅಕ್ಷರವೂ ಬಿದ್ದಿರಲಿಲ್ಲ. ಸೊಸೆ ನೀಲಾವತಿ ಹಾಳೆ ಹರಿದು ಒಲೆ ಹೊತ್ತಿಸಲು ತೆಗೆದುಕೊಂಡಿದ್ದಳು. ಕಿತ್ತುಕೊಂಡೆ. ಧಾರವಾಡದಲ್ಲಿ ಇಂಗ್ರೇಜಿ ಐದನೇ ಇಯತ್ತೆಯವರೆಗೆ ಓದಿದವಳು ನಾನು. ಬಿಳಿ ಹಾಳೆ ಬೆಂಕಿಗೆ ಹಾಕುವುದನ್ನು ನೋಡಲಾರೆ.

ಮಗ ಊಟಕ್ಕೆ ಕೂತಾಗ ಒಂದು ಸುದ್ದಿ ಹೇಳಿದ. ಮುಂಬಯಿಯ ಹೊರಗೆ ವಿಕ್ರೋಳಿ ಗುಡ್ಡದ ಬುಡದಲ್ಲಿ ಇವನದೊಂದು ಬಂದೂಕಿನ ಕ್ಲಬ್ಬಿದೆ. ಪಾರ್ಸಿಗಳು, ಮರಾಠರು, ಗೋವೆಯವರು, ನಮ್ಮ ಕಡೆಯವರು ಇಬ್ಬರು, ಎಲ್ಲ ಸೇರಿ ಹದಿನಾಲ್ಕು ಜನ. ಹೊಸ ವರ್ಷದಲ್ಲಿ ಸ್ನೇಹಕ್ಕಾಗಿ ಒಂದು ಪಂದ್ಯ ಆಡುತ್ತಾರಂತೆ. ತೋಟಾ ಹಾಕುವ ಹೊಸ ಬಂದೂಕು ತರುವಂತಿಲ್ಲ. ಬಾಯಿಯಿಂದ ಮದ್ದು ಸುರಿದು ಗಜದಿಂದ, ಅಂದರೆ ಉದ್ದನೆಯ ಕಬ್ಬಿಣದ ಸರಳಿನಿಂದ, ಜಡಿಯುವ ಹಳೆಯ ಬಂದೂಕೇ ಆಗಬೇಕು. ಗೆದ್ದವನಿಗೆ ಒಂದು ಕುಂಬಳಕಾಯಿ, ಎಲ್ಲರಿಗಿಂತ ಹಿಂದೆ ಬಿದ್ದವನು ಎಲ್ಲರಿಗೂ ಚಹಾ ಕುಡಿಸಬೇಕು. ದೊಡ್ಡ ಗಂಡಸರ ಆಟ.

ಉಂಡು ಕೈತೊಳೆದವನೇ ಮಂಚದ ಕೆಳಗಿನ ಟ್ರಂಕು ಎಳೆದು, ಧೋತರದಲ್ಲಿ ಸುತ್ತಿಟ್ಟ ಬಂದೂಕು ತೆಗೆದ. ಗಜವನ್ನು ನಳಿಗೆಯೊಳಗೆ ಬಿಟ್ಟ. ತಳಕ್ಕೆ ತಾಗಿ ಠಣ್ ಎಂದಿತು. ಖಾಲಿ ಐತವ್ವಾ ಅಂದು ನಕ್ಕ.

ನಾನು ಬದನೆಕಾಯಿ ಹೆಚ್ಚುತ್ತಿದ್ದೆ. ಸುಟ್ಟ ಮದ್ದಿನ ವಾಸನೆ ಬಂತು. ಹನ್ನೊಂದು ವರ್ಷದಿಂದ ಹಾರದ ಬಂದೂಕು ಅದು. ಪರಳದ ಗಿರಣಿಯ ಹೊಗೆ ಇರಬೇಕು ಎಂದಳು ನೀಲಾವತಿ. ಗಿರಣಿಯ ಹೊಗೆ ಯಾವುದು, ಮದ್ದಿನ ಹೊಗೆ ಯಾವುದು ಎಂದು ನನಗೆ ಕಲಿಸುತ್ತಾಳೆ.

ನವೆಂಬರ್ ೧೪, ಬುಧವಾರ

ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ. ಸೊಸೆ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿದ್ದಳು. ಗಜ ಬಿದ್ದ ಸದ್ದು ಕೇಳಿತು. ಠಣ್ ಅಲ್ಲ, ಧಪ್ ಎಂದು. ಒಳಗೆ ಮದ್ದಿದ್ದರೆ ಆಗುವ ಸದ್ದು. ಹೋಗಿ ನೋಡಿದರೆ ಟ್ರಂಕಿಗೆ ಬೀಗ.

ಊರಿನಿಂದ ತಂದ ಆರಾಮಕುರ್ಚಿ ಕಿಟಕಿಯ ಹತ್ತಿರ ಇದೆ. ಅದರಲ್ಲಿ ಅವರು ಕೂತಿದ್ದರು, ಬೆನ್ನು ನನ್ನ ಕಡೆ. ಎಡಗೈಗೆ ಬಟ್ಟೆ ಸುತ್ತಿತ್ತು. ನಾನು ಅಡಿಗೆಮನೆಗೆ ಹೋಗಿ ಅಕ್ಕಿ ಆರಿಸುತ್ತ ಕೂತೆ. ಹೆದರುವ ಹೆಂಗಸಲ್ಲ ನಾನು. ಗಂಡನಿಗೆ ಹೆದರುವುದು ಯಾಕೆ.

ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ. ಬೈಲಹೊಂಗಲದ ಹತ್ತಿರ ನಮ್ಮ ವಾಡೆಯಲ್ಲಿ ಜೋಡಿ ಬಂದೂಕು ಇದ್ದವು, ಈಗ ಟ್ರಂಕಿನಲ್ಲಿರುವುದು ಅದರಲ್ಲಿ ಒಂದು. ಮಹಾನವಮಿಯ ದಿವಸ ಅವಕ್ಕೆ ಪೂಜೆ. ನಮ್ಮ ಮನೆತನದಲ್ಲಿ ಖಾಲಿ ಬಂದೂಕಿಗೆ ಪೂಜೆ ಮಾಡುವುದಿಲ್ಲ. ಮದ್ದು ತುಂಬಿ, ತುಂಬಿದ ಗುರುತಿಗೆ ಕುದುರೆಗೆ, ಅಂದರೆ ಕೇಪಿನ ಮೇಲೆ ಬಡಿಯುವ ಕಬ್ಬಿಣದ ತುಂಡಿಗೆ, ಕೆಂಪು ದಾರ ಕಟ್ಟುತ್ತಾರೆ. ದಾರ ಇದ್ದರೆ ಒಳಗೆ ಮದ್ದಿದೆ. ಇಲ್ಲದಿದ್ದರೆ ಇಲ್ಲ. ಮರುದಿನ ಬನ್ನಿ ಮುರಿಯಲು ಹೊರಟಾಗ ಊರ ಸೀಮೆಯಲ್ಲಿ ನಿಂತು ಹಾರಿಸುವುದು. ತುಂಬುವ ಕೆಲಸ, ದಾರ ಕಟ್ಟುವ ಕೆಲಸ ಎರಡೂ ಆಳು ಕಾಶ್ಯಾನದು. ಅವನಪ್ಪನೂ ಅದನ್ನೇ ಮಾಡಿಕೊಂಡಿದ್ದ.

ಹನ್ನೊಂದು ವರ್ಷದ ಹಿಂದೆ ಒಂದು ಬಂದೂಕಿಗೆ ದಾರ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಕಾಶ್ಯಾ ಇದನ್ನು ತುಂಬುವುದು ಮರೆತಿದ್ದಾನೆಂದು ತಿಳಿದು ಅವರು ಅವಸರದಲ್ಲಿ ತಾವೇ ತುಂಬಿದರು. ಮದ್ದಿನ ಮೇಲೆ ಮದ್ದು ಬಿತ್ತು. ಸೀಮೆಯಲ್ಲಿ ನಳಿಗೆ ಒಡೆಯಿತು. ಮೂರನೆಯ ದಿವಸ ಹೋದರು.

ತಾನು ದಾರ ಕಟ್ಟಿದ್ದೆನೆಂದು ಕಾಶ್ಯಾ ಹಣೆ ನೆಲಕ್ಕೆ ಬಡಿದು ಹೇಳಿದ. ಹಿರಿಯರು ನನ್ನನ್ನು ಕೇಳಿದರು. ದಾರ ಇರಲಿಲ್ಲ ಎಂದೆ. ಸುಳ್ಳಲ್ಲ. ಇರಲಿಲ್ಲ. ಅವತ್ತೇ ಅವನನ್ನು, ಅವನ ಹೆಂಡತಿ ರಾಚವ್ವನನ್ನು ವಾಡೆಯಿಂದ ಹೊರಗೆ ಹಾಕಿದರು. ಧಣಿಯನ್ನು ಕೊಂದವನೆಂದು ಊರಲ್ಲಿ ಯಾರೂ ಅವರಿಗೆ ನೀರು ಕೂಡ ಕೊಡಲಿಲ್ಲವಂತೆ. ಆಮೇಲೆ ಎಲ್ಲಿಗೆ ಹೋದರೋ ನಾನು ಕೇಳಲಿಲ್ಲ.

ನವೆಂಬರ್ ೨೫, ರವಿವಾರ

ಕಾಶ್ಯಾ ಮುಂಬಯಿಯಲ್ಲಿದ್ದಾನೆ.

ಕ್ಲಬ್ಬಿನವರಿಗೆ ಹಳೆಯ ಬಂದೂಕು ತುಂಬಲು ಬರುವುದಿಲ್ಲ. ಒಬ್ಬ ಗಜ ಒಳಗೇ ಬಿಟ್ಟು ಹಾರಿಸಿದನಂತೆ, ಅದು ಹೋಗಿ ಮಾವಿನ ಮರಕ್ಕೆ ಚುಚ್ಚಿಕೊಂಡಿತಂತೆ. ಕ್ಲಬ್ಬಿನ ಕಾರ್ಯದರ್ಶಿ ಪೆಸ್ತನಜಿ ಒಂದು ಕಾರ್ಖಾನೆಯ ಮ್ಯಾನೇಜರು. ತಮ್ಮ ಕಾರ್ಖಾನೆಯ ಗೇಟಿನಲ್ಲಿ ಪಹರೆ ಮಾಡುವ ಮುದುಕನಿಗೆ ಈ ಕೆಲಸ ಗೊತ್ತೆಂದು ಇವತ್ತು ಕರೆತಂದಿದ್ದರು. ಸಿದ್ದಲಿಂಗಪ್ಪ ನೋಡುತ್ತಲೇ ಗುರುತು ಹಿಡಿದ. ಕಾಶ್ಯಾನೂ ಹಿಡಿದ, ಆದರೆ ತಲೆ ಎತ್ತಲಿಲ್ಲವಂತೆ.

ಅಪ್ಪ ಹೋದಾಗ ಸಿದ್ದಲಿಂಗಪ್ಪ ಪುಣೆಯಲ್ಲಿ ಓದುತ್ತಿದ್ದ. ಅವನಿಗೆ ಗೊತ್ತಿರುವುದು ನಾನು ಹೇಳಿದಷ್ಟೇ. ಇವತ್ತು ಚಹಾ ಕೂಡ ಮುಟ್ಟಲಿಲ್ಲ. ಪೆಸ್ತನಜಿಗೆ ಎಲ್ಲ ತಿಳಿಸಿ ಅವನನ್ನು ಕ್ಲಬ್ಬಿನಿಂದಷ್ಟೇ ಅಲ್ಲ, ಗೇಟಿನಿಂದಲೂ ತೆಗೆಸುತ್ತಾನಂತೆ. ಬರೀ ಬಾಯಿಮಾತಿಗೆ ಪಾರ್ಸಿ ಒಪ್ಪುವವನಲ್ಲ, ಕಂಡವರ ಬರವಣಿಗೆ ಬೇಕು ಎಂದ.

“ಅವ್ವಾ, ನೀ ನಾಕು ಸಾಲು ಬರದು ಕೊಡು. ದಾರ ಇರಲಿಲ್ಲ ಅಂತ ಬರದು ಸಹಿ ಮಾಡು. ಸಾಕು.”

ಬರೆದುಕೊಡುತ್ತೇನೆ ಎಂದೆ. ನನ್ನ ಅಕ್ಷರ ಈಗಲೂ ಮುತ್ತಿನ ಹಾಗಿದೆ.

ನವೆಂಬರ್ ೨೭, ಮಂಗಳವಾರ

ಮೂರು ಸಲ ಸದ್ದು. ಧಪ್, ಧಪ್, ಧಪ್.

ಡಿಸೆಂಬರ್ ೨, ರವಿವಾರ

ಮಗ ಕ್ಲಬ್ಬಿಗೆ ಹೋದ ಮೇಲೆ ಬರೆಯಲು ಕೂತೆ. ನಾಲ್ಕು ಹಾಳೆ ಹಾಳಾದವು.

“ಆ ದಿವಸ ಬೆಳಿಗ್ಗೆ ನಮ್ಮ ಯಜಮಾನರ ಬಂದೂಕಿಗೆ ದಾರ ಇರಲಿಲ್ಲ.” ಇಷ್ಟು ಸತ್ಯ. ಇದರ ಮುಂದೆ ಪೂರ್ಣವಿರಾಮ ಇಟ್ಟು ಸಹಿ ಮಾಡಿದರೆ ಮುಗಿಯಿತು. ಪೂರ್ಣವಿರಾಮದ ಹತ್ತಿರ ಬಂದಾಗಲೆಲ್ಲ ಶಾಯಿ ಹರಡುತ್ತದೆ. ಈ ಊರಿನ ಹವೆಗೆ ಕಾಗದ ಎಲ್ಲ ತಂಪು ಹಿಡಿಯುತ್ತದೆ.

ಇದು ನನ್ನ ಪುಸ್ತಕ. ಇದರಲ್ಲಿ ಬರೆದರೆ ಯಾರೂ ಓದುವುದಿಲ್ಲ. ನೀಲಾವತಿಗೆ ಓದಲು ಬರುತ್ತದೆ, ಧೈರ್ಯವಿಲ್ಲ.

ದಾರ ನಾನು ತೆಗೆದಿದ್ದೆ. ಬೇಕೆಂದು ತೆಗೆದದ್ದಲ್ಲ. ಹಿಂದಿನ ದಿನದ ಹೂವು ಬೆಳಿಗ್ಗೆ ತೆಗೆಯುವುದು ಮನೆಯ ಹಿರಿಯ ಹೆಂಗಸಿನ ಕೆಲಸ. ಚೆಂಡುಹೂವು ಬಾಡಿ ಕುದುರೆಗೆ ಅಂಟಿಕೊಂಡಿತ್ತು. ಹೂವಿನ ಜೊತೆ ದಾರವೂ ಬಂತು. ನಿರ್ಮಾಲ್ಯದ ಬುಟ್ಟಿಗೆ ಹಾಕಿದೆ. ಎರಡನೆಯ ಬಂದೂಕಿಗೆ ಕೈ ಹಾಕುವಷ್ಟರಲ್ಲಿ ಹೂರಣ ತಳ ಹಿಡಿಯಿತೆಂದು ಒಳಗಿನಿಂದ ಕೂಗಿದರು. ಹೋದೆ. ಮೂವತ್ತು ಜನರಿಗೆ ಹೋಳಿಗೆ ಆಗಬೇಕಿತ್ತು. ಬುಟ್ಟಿಯನ್ನು ಆಮೇಲೆ ಪತ್ರಿ ಗಿಡದ ಬುಡಕ್ಕೆ ಸುರಿದೆ. ಸುರಿಯುವಾಗ ಕೆಂಪು ಕಂಡಿತು. ಆಗಲಾದರೂ ನೆನಪಾಗಬೇಕಿತ್ತು. ಊರ ಹೊರಗೆ ಸದ್ದಾದಾಗ ನೆನಪಾಯಿತು.

ಇದರಲ್ಲಿ ನನ್ನ ತಪ್ಪೇನು? ಗಜ ಹಾಕಿ ನೋಡಬೇಕಾದದ್ದು ಹಾರಿಸುವವರ ಕೆಲಸ. ನಿರ್ಮಾಲ್ಯ ತೆಗೆಯದೆ ಬಿಡಲು ಬರುತ್ತದೆಯೇ?

ಎರಡನೆಯ ದಿವಸ ಅವರಿಗೆ ಸ್ವಲ್ಪ ಎಚ್ಚರ ಬಂದಿತ್ತು. ಕೇಳಿದ್ದು ಒಂದೇ ಮಾತು. ಕಾಶ್ಯಾ ದಾರ ಕಟ್ಟಿದ್ದನೇನು?

ಅವರು ಕೇಳಿದ್ದು ಕಟ್ಟಿದ್ದನೇನು ಎಂದು. ನಾನು ಹೇಳಿದ್ದು ಇರಲಿಲ್ಲ ಎಂದು. ಕೇಳಿದ್ದಕ್ಕೂ ಹೇಳಿದ್ದಕ್ಕೂ ಕೂಡುವುದಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಗೋಡೆಯ ಕಡೆ ಹೊರಳಿದರು. ಬೆನ್ನು ನನ್ನ ಕಡೆ.

ಡಿಸೆಂಬರ್ ೯, ರವಿವಾರ

ಪೆಸ್ತನಜಿ ಚಹಾಕ್ಕೆ ಬಂದಿದ್ದರು. ಬರವಣಿಗೆ ಕೊಟ್ಟುಬಿಡಲೆಂದು ಮಗನೇ ಕರೆತಂದಿದ್ದ. ಅವರ ಹಿಂದಿ ಅರ್ಧ ಗುಜರಾತಿ, ನನ್ನ ಹಿಂದಿ ಅರ್ಧ ಮರಾಠಿ, ಮಾತು ಹೇಗೋ ನಡೆಯಿತು. ತೆಳ್ಳಗಿನ ಮನುಷ್ಯ. ಕರಚೀಕಾಯಿ ನಾಲ್ಕು ತಿಂದರು. ತಮ್ಮ ಹೆಂಡತಿಗೆ ಇದನ್ನು ಕಲಿಸಿಕೊಟ್ಟರೆ ಕ್ಲಬ್ಬಿನ ಕುಂಬಳಕಾಯಿ ಪಂದ್ಯಕ್ಕೆ ಮೊದಲೇ ನಮಗೆ ಕೊಟ್ಟುಬಿಡುತ್ತೇನೆ ಎಂದರು.

ಮುದುಕನ ಮಾತು ತೆಗೆದವರು ಅವರೇ. ಅವನು ಪ್ರತಿ ಬಂದೂಕಿಗೂ ಮೂರು ಸಲ ಗಜ ಹಾಕಿ ನೋಡುತ್ತಾನಂತೆ. ಈಗಷ್ಟೇ ತನ್ನ ಕಣ್ಣೆದುರು ಹಾರಿದ ಬಂದೂಕಿಗೂ ಮೂರು ಸಲ. ಸದಸ್ಯರೆಲ್ಲ ನಗುತ್ತಾರಂತೆ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ ಸಾಹೇಬ, ಒಂದು ಸಲ ಕೈಕೊಟ್ಟಿದೆ ಎಂದನಂತೆ.

ಅವರು ಕೇಳದಿದ್ದರೂ ನಾನು ಇನ್ನೆರಡು ಕರಚೀಕಾಯಿ ಅವರ ಬಸಿಗೆ ಹಾಕಿದೆ.

ಸಿದ್ದಲಿಂಗಪ್ಪ ನನ್ನ ಕಡೆ ನೋಡಿದ. ಬರವಣಿಗೆ ಇನ್ನೂ ಮುಗಿದಿಲ್ಲ, ಮನುಷ್ಯ ಅವನೇ ಹೌದೋ ಅಲ್ಲವೋ ಕಣ್ಣಾರೆ ನೋಡದೆ ನಾನು ಸಹಿ ಮಾಡುವುದಿಲ್ಲ, ಪಂದ್ಯದ ದಿವಸ ನಾನೇ ಬರುತ್ತೇನೆ ಎಂದೆ. ಮಗನ ಮುಖ ಸಣ್ಣದಾಯಿತು. ಪೆಸ್ತನಜಿಗೆ ಖುಷಿಯಾಯಿತು. ಹೆಂಗಸರಿಗೆ ನೆರಳು ಹಾಕಿಸುತ್ತಾರಂತೆ.

ಅವರು ಹೋದ ಮೇಲೆ ಮಗ, ಆ ಮುದುಕನ ಮೇಲೆ ನಿನಗೆ ಕನಿಕರವೇ ಎಂದು ಕೇಳಿದ. ಕನಿಕರ ಎಲ್ಲಿಂದ ಬಂತು. ನೋಡದೆ ಸಹಿ ಮಾಡುವವಳಲ್ಲ ಎಂದೆ, ಅಷ್ಟೇ.

ಡಿಸೆಂಬರ್ ೧೯, ಬುಧವಾರ

ದೇವರ ಜಗಲಿಯ ಮೇಲಿನ ಹೂವು ನಾಲ್ಕು ದಿನದಿಂದ ಹಾಗೇ ಇದೆ, ಇರುವೆ ಹತ್ತಿವೆ, ತೆಗೆಯಲೇ ಎಂದು ನೀಲಾವತಿ ಕೇಳಿದಳು. ಮುಟ್ಟಬೇಡ ಎಂದು ಗದರಿದೆ. ಅವಳು ಅತ್ತಳು. ಈಗಿನ ಹುಡುಗಿಯರಿಗೆ ಕಣ್ಣೀರು ಬಹಳ ಅಗ್ಗ.

ಆಮೇಲೆ ಅವಳಿಗೆ ಚಹಾ ನಾನೇ ಮಾಡಿಕೊಟ್ಟೆ. ಸ್ಟೋವಿಗೆ ಎಣ್ಣೆ ಹಾಕಿ ಹೇಗೂ ಹೊತ್ತಿಸಿದ್ದೆ.

ಡಿಸೆಂಬರ್ ೩೦, ರವಿವಾರ

ಅವರು ಈಗ ಮಧ್ಯಾಹ್ನಕ್ಕೇ ಬರುತ್ತಾರೆಂದಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಹಿಡಿಯುವಾಗ ಹಿಂದೆ ನಿಂತಿದ್ದರು. ಕೊಡ ತುಂಬಿ ಹರಿಯುವವರೆಗೂ ನಾನು ತಿರುಗಲಿಲ್ಲ. ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

೧೯೫೭ ಜನವರಿ ೬, ರವಿವಾರ

ಪಂದ್ಯ ಮುಗಿಯಿತು. ಅಕ್ಷರ ಸೊಟ್ಟ ಬರುತ್ತಿವೆ.

ಬೆಳಗಿನ ಲೋಕಲ್ಲಿನಲ್ಲಿ ಹೋದೆವು. ಬಂದೂಕನ್ನು ಚಾಪೆಯಲ್ಲಿ ಸುತ್ತಿ ಮಗ ಮಡಿಲಲ್ಲಿ ಇಟ್ಟುಕೊಂಡಿದ್ದ. ಎದುರಿಗೆ ಕೂತವನು ಇದೇನು ತಂಬೂರಿಯೇ ಎಂದು ಕೇಳಿದ. ವಿಕ್ರೋಳಿಯಲ್ಲಿ ಇಳಿದು ಟಾಂಗಾ. ಊರಿನ ಬಯಲಿನಂಥದೇ ಒಂದು ಬಯಲು, ಹಿಂದೆ ಗುಡ್ಡ, ಒಣಗಿದ ಹುಲ್ಲು. ಬಿದಿರು ನೆಟ್ಟು ಅಡ್ಡ ಹಗ್ಗ ಕಟ್ಟಿ ಸಣ್ಣ ಸಣ್ಣ ಗಡಿಗೆ ತೂಗಬಿಟ್ಟಿದ್ದರು. ಒಬ್ಬೊಬ್ಬರಿಗೆ ಐದು ಗುಂಡು. ಒಡೆದ ಗಡಿಗೆಗೆ ಒಂದೊಂದು ಅಂಕ.

ಕಾಶಪ್ಪ ಮೇಜಿನ ಹತ್ತಿರ ನಿಂತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. ಖಾಕಿ ಅಂಗಿ ಭುಜದ ಹತ್ತಿರ ಸಡಿಲ. ದೂರದಿಂದ ಕೈಮುಗಿದು ಶರಣ್ರೀ ಅವ್ವಾರ ಎಂದ. ನಾನು ಹೆಂಗಸರ ನೆರಳಿಗೆ ಹೋಗಿ ಕೂತೆ.

ಒಬ್ಬೊಬ್ಬರೂ ಬಂದು ಹಾರಿಸಿದರು. ಪ್ರತಿ ಗುಂಡಿಗೂ ಬಿಳಿ ಹೊಗೆ ಎದ್ದು ಹಾರಿಸಿದವನೇ ಕಾಣದಂತೆ ಮುಚ್ಚುತ್ತಿತ್ತು. ಹೊಗೆ ಸರಿದಾಗ ಗಡಿಗೆ ಹಾಗೇ ತೂಗುತ್ತಿರುತ್ತಿತ್ತು, ಎಲ್ಲರೂ ನಗುತ್ತಿದ್ದರು. ಪೆಸ್ತನಜಿ ಐದರಲ್ಲಿ ಒಂದೂ ಹೊಡೆಯಲಿಲ್ಲ, ಗಡಿಗೆಗಳು ಪಾರ್ಸಿಗಳಿಗೆ ಮರ್ಯಾದೆ ಕೊಡುವುದಿಲ್ಲ ಎಂದರು. ಕಾಶಪ್ಪ ಪ್ರತಿ ಸಲ ಬಂದೂಕು ತೆಗೆದುಕೊಂಡು ಗಜ ಬಿಟ್ಟು, ತೆಗೆದು, ಬಿಟ್ಟು, ತೆಗೆದು, ಕಿವಿ ಹತ್ತಿರ ಇಟ್ಟು ಕೇಳುತ್ತಿದ್ದ. ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದ.

ಪ್ರತಿ ಹೊಗೆಯಿಂದಲೂ ಅವರು ಹೊರಗೆ ಬರುತ್ತಾರೆಂದು ನೋಡುತ್ತಿದ್ದೆ. ಬರಲಿಲ್ಲ.

ಸಿದ್ದಲಿಂಗಪ್ಪನ ಸರದಿ ಬಂತು. ಬಂದೂಕು ಕೊಡ್ರೀ ಎಂದು ಕಾಶಪ್ಪ ಕೈ ಚಾಚಿದ. ಮಗ ಕೊಡಲಿಲ್ಲ.

“ಹನ್ನೊಂದು ವರ್ಷದ ಹಿಂದ ಈ ಗಜಾ ಎಲ್ಲಿ ಇಟ್ಟಿದ್ದೆಲೇ ಕಾಶ್ಯಾ?”

ಗಟ್ಟಿಯಾಗಿಯೇ ಕೇಳಿದ. ನಗು ನಿಂತಿತು. ಏನಾಯಿತೆಂದು ಪೆಸ್ತನಜಿ ಕೇಳಿದಾಗ ಮಗ ಇಂಗ್ರೇಜಿಯಲ್ಲಿ ಎಲ್ಲ ಹೇಳಿದ. ಈ ಮನುಷ್ಯ ದಾರ ಕಟ್ಟುವುದು ಮರೆತ, ನನ್ನ ತಂದೆ ಸತ್ತರು, ಇಂಥವನನ್ನು ನೀವು ಗೇಟಿಗೂ ಇಟ್ಟುಕೊಳ್ಳಬಾರದು, ನಮ್ಮ ತಾಯಿ ಸಾಕ್ಷಿ. ಅಷ್ಟು ಇಂಗ್ರೇಜಿ ನನಗೆ ತಿಳಿಯುತ್ತದೆ.

ಕಾಶಪ್ಪನಿಗೆ ಇಂಗ್ರೇಜಿ ಬಾರದು, ಆದರೂ ವಿಷಯ ತಿಳಿಯಿತು. ಹೌದ್ರೀ, ಮರತಿರಬೇಕ್ರೀ ಎಂದ. ಗಜವನ್ನು ಮೇಜಿನ ಮೇಲಿಟ್ಟು, ಕೈಯ ಮಸಿ ಅಂಗಿಗೆ ಒರೆಸಿಕೊಂಡು, ತನ್ನ ಊಟದ ಡಬ್ಬಿ ತೆಗೆದುಕೊಳ್ಳಲು ಬಗ್ಗಿದ.

ಮರತಿರಬೇಕ್ರೀ. ಅವತ್ತು ಹಣೆ ಒಡೆದು ರಕ್ತ ಬರುವವರೆಗೆ ಕಟ್ಟಿದ್ದೆ ಎಂದವನು.

“ಅವ್ವಾ, ಹೇಳು,” ಎಂದ ಮಗ.

ನಾನು ಎದ್ದೆ. ದಾರ ಇರಲಿಲ್ಲ ಎಂದೆ. ಅಭ್ಯಾಸದ ಮಾತು, ತಾನಾಗಿ ಬಂತು. ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ.

“ದಾರ ಇರಲಿಲ್ಲ. ನಾ ತಗದಿದ್ದೆ. ಹೂವಿನ ಜೋಡಿ ತಗದು ಬುಟ್ಟಿಗೆ ಹಾಕಿದ್ದೆ.”

ಮಗ ಅವ್ವಾ ಎಂದ. ಕಾಶಪ್ಪ ಬಗ್ಗಿದವನು ಹಾಗೇ ಇದ್ದ. ನನ್ನ ಕಡೆ ತಿರುಗಿದಾಗ ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿಗೆ ನಾನು ತಯಾರಾಗಿದ್ದೆ.

“ಅಂದ್ರ ನಾ ಕಟ್ಟಿದ್ನೇನ್ರೀ ಅವ್ವಾರ?”

“ಕಟ್ಟಿದ್ದಿ. ಎರಡು ಗಂಟು ಹಾಕಿದ್ದಿ.”

ಅವನು ನೆಲಕ್ಕೆ ಕೂತುಬಿಟ್ಟ. ಎರಡು ಗಂಟು, ಎರಡು ಗಂಟು ಎಂದು ತನ್ನ ಬೆರಳುಗಳಿಗೇ ಹೇಳಿಕೊಂಡ. ಅಳಲಿಲ್ಲ. ಅವನ ಬೆರಳುಗಳು, ಇಲ್ಲದ ದಾರವನ್ನು ಕಟ್ಟುತ್ತಿದ್ದವು. ಪೆಸ್ತನಜಿ ತಮ್ಮ ಟೊಪ್ಪಿಗೆ ತೆಗೆದು ನಿಂತಿದ್ದರು. ಕನ್ನಡ ತಿಳಿಯದಿದ್ದರೂ ಯಾರೂ ಅವರಿಗೆ ಅರ್ಥ ಹೇಳಬೇಕಾಗಲಿಲ್ಲ.

ಪಂದ್ಯ ಅಲ್ಲಿಗೆ ನಿಂತಿತು. ನಾವು ಹೊರಟಾಗ ಕಾಶಪ್ಪ ಟಾಂಗಾದ ಹತ್ತಿರ ಬಂದ. ಕ್ಷಮೆಯ ಮಾತು ಅವನು ಆಡಲಿಲ್ಲ, ನಾನು ಕೇಳಲೂ ಇಲ್ಲ. ತನ್ನ ಹೆಂಡತಿಗೆ ಈ ಮಾತು ತಾನು ಹೇಳಿದರೆ ನಂಬುವುದಿಲ್ಲ ಎಂದ. ಕಟ್ಟಿದ್ದೆ ಎಂದು ಒಂದು ವರ್ಷ, ಕಟ್ಟಿಲ್ಲ ಎಂದು ಒಂದು ವರ್ಷ ಹೇಳಿ ಹೇಳಿ ಅವಳು ಕೇಳುವುದನ್ನೇ ಬಿಟ್ಟಿದ್ದಾಳಂತೆ. ಆಂಟಾಪ್ ಹಿಲ್ಲಿನಲ್ಲಿ ಮನೆ. ನೀವ ಬಂದು ಹೇಳ್ಬೇಕ್ರೀ ಎಂದ. ಕೇಳಿಕೊಂಡದ್ದಲ್ಲ. ಹೇಳಿದ್ದು.

ಜನವರಿ ೮, ಮಂಗಳವಾರ

ಮಗ ಮಾತಾಡುತ್ತಿಲ್ಲ. ಉಂಡು ಹೋಗುತ್ತಾನೆ, ಬಂದು ಉಣ್ಣುತ್ತಾನೆ. ಕ್ಲಬ್ಬಿಗೆ ಇನ್ನು ಹೋಗುವುದಿಲ್ಲ ಎಂದು ನೀಲಾವತಿಗೆ ಹೇಳಿದನಂತೆ. ಕಾಶಪ್ಪನ ಕೆಲಸಕ್ಕೇನೂ ತೊಂದರೆ ಇಲ್ಲವಂತೆ. ಅದೂ ಅವಳ ಬಾಯಿಂದಲೇ ತಿಳಿಯಿತು.

ಮಧ್ಯಾಹ್ನ ಸದ್ದು ಬಂತು. ಇವತ್ತೂ ಧಪ್ ಎಂದೇ. ಎಲ್ಲ ಹೇಳಿದ ಮೇಲೂ ಯಾಕೆ ಬರಬೇಕು? ಅವರಿಗೆ ಹೇಳಿಲ್ಲ, ಅದಕ್ಕೆ ಇರಬಹುದು. ಕುರ್ಚಿಯ ಎದುರಿಗೆ ಹೋಗಿ ನಿಂತೆ. ಖಾಲಿ ಇತ್ತು. ಖಾಲಿ ಕುರ್ಚಿಗೆ ಏನು ಹೇಳುವುದು.

ಜನವರಿ ೧೩, ರವಿವಾರ

ಸೊಸೆಯನ್ನು ಕರೆದುಕೊಂಡು ಆಂಟಾಪ್ ಹಿಲ್ಲಿಗೆ ಹೋಗಿದ್ದೆ. ವಿಕ್ಟೋರಿಯಾ ಗಾಡಿ ತರುತ್ತೇನೆ ಎಂದಳು ಅವಳು. ನಡೆದೇ ಹೋದೆವು. ಉಪ್ಪಿನ ಗದ್ದೆಯ ಕಡೆಯಿಂದ ಗಾಳಿ ಬೀಸುತ್ತಿತ್ತು.

ತಗಡಿನ ಮನೆಗಳ ಸಾಲು. ಸಾಲಿನ ತುದಿಗೆ ಒಂದು ನಲ್ಲಿ, ನಲ್ಲಿಗೆ ಇಪ್ಪತ್ತು ಹೆಂಗಸರು. ತಮಿಳಿನವರು, ಮರಾಠಿಯವರು, ವಿಜಾಪುರ ಕಡೆಯವರು. ರಾಚವ್ವ ಕೊಡ ಹಿಡಿದು ಸರದಿಯಲ್ಲಿ ನಿಂತಿದ್ದಳು. ಗುರುತು ಹಿಡಿದಳು. ಕಾಲಿಗೆ ಬೀಳಲಿಲ್ಲ. ಒಳಗೆ ಬರ್ರೀ ಎಂದು ಕಾಶಪ್ಪ ಕರೆದ. ಅವಳು ಕರೆಯಲಿಲ್ಲ. ಏನು ಹೇಳೂದೈತಿ ಇಲ್ಲೇ ಹೇಳ್ರಿ, ನೀರು ಹೋಗತೈತಿ ಎಂದಳು.

ಹೇಳಿದೆ. ಕಾಶಪ್ಪ ದಾರ ಕಟ್ಟಿದ್ದ, ನಾನು ತೆಗೆದೆ, ತೆಗೆದದ್ದನ್ನು ಮುಚ್ಚಿಟ್ಟೆ ಎಂದೆ.

ಅವಳು ಗಂಡನ ಕಡೆ ನೋಡಲಿಲ್ಲ. ಕೊಡ ಕೆಳಗಿಟ್ಟಳು. ಸಾಲಿನ ಹೆಂಗಸರ ಕಡೆ ತಿರುಗಿ ಇಲ್ಲಿ ಕೇಳ್ರೇ ಎಂದಳು. ಈ ಸಾಲಿನಲ್ಲೂ ನಮ್ಮೂರ ಕಡೆಯವರು ಇದ್ದಾರಂತೆ, ಅವರಿಗೂ ಆ ಕಥೆ ಗೊತ್ತಂತೆ. ಹತ್ತು ವರ್ಷದಿಂದ ಇದೇ ನಲ್ಲಿಯ ಹತ್ತಿರ ಅವಳ ಬೆನ್ನ ಹಿಂದೆ ಆಡಿಕೊಂಡವರು.

“ಇನ್ನೊಮ್ಮಿ ಹೇಳ್ರಿ,” ಎಂದಳು.

ಮತ್ತೆ ಹೇಳಿದೆ. ನಲ್ಲಿಯ ನೀರು ಸದ್ದು ಮಾಡುತ್ತಿತ್ತು. ಹಿಂದಿನವರಿಗೆ ಕೇಳಿಸಲಿಲ್ಲ ಎಂದಳು. ನೀಲಾವತಿ ನನ್ನ ಮೊಣಕೈ ಹಿಡಿದು, ಸಾಕು ನಡೀರಿ ಅತ್ತೀ, ಮಂದಿ ನೋಡಾಕತ್ತಾರ ಎಂದು ಪಿಸುಗುಟ್ಟಿದಳು. ಕೈ ಬಿಡಿಸಿಕೊಂಡೆ.

ರಾಚವ್ವ ಕೈ ಹಾಕಿ ನಲ್ಲಿ ನಿಲ್ಲಿಸಿದಳು. ಎಲ್ಲರ ಕೊಡಗಳೂ ಅರ್ಧಕ್ಕೆ ನಿಂತವು.

“ಜೋರಾಗಿ ಹೇಳ್ರೀ.”

ಹೇಳಿದೆ.